ಹತ್ತು ಕಾರು, ಒಂದು ವನಭೋಜನ

ಕಾರ್ತಿಕಮಾಸದಲ್ಲಿ ನೆಲ್ಲಿಯ ಮರದ ನೆಳಲಿನಲ್ಲಿ ಎಲೆ ಹಾಕಿಕೊಂಡು ನಾಲ್ಕಾರು ಮನೆಯವರು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ವನಭೋಜನವು ನಮ್ಮವರಿಗೆ ಹೊಸದೇನೂ ಅಲ್ಲ. ಹಿಂದೆ ಇಂತಹ ದಿನಕ್ಕೆ ಎತ್ತಿನ ಗಾಡಿಯನ್ನು ಹೂಡುತ್ತಿದ್ದರು. ಹೊಳೆಯ ಬದಿಯವರು ದೋಣಿಯೇರಿ ಹೋಗುತ್ತಿದ್ದರು. ಈಗ ಅನೇಕ ಮನೆಗಳ ಅಂಗಳದಲ್ಲಿ ಕಾರು ನಿಂತಿದೆ. ಆದರೆ ಕಾರು ಬಂದಂದಿನಿಂದ ಕೂಡಿ ಹೋಗುವ ಅಭ್ಯಾಸವು ತಪ್ಪುತ್ತ ಬಂದುದನ್ನು ನಾವೆಲ್ಲರೂ ಕಂಡಿದ್ದೇವೆ. ಗಾಡಿಯಲ್ಲಿ ಒತ್ತೊತ್ತಾಗಿ ಕುಳಿತು ಹರಟುತ್ತ ಹೋಗುತ್ತಿದ್ದವರ ಮೊಮ್ಮಕ್ಕಳು ಇಂದು ಗಾಜು ಏರಿಸಿದ ಕಾರಿನಲ್ಲಿ ಮೂವರು ನಾಲ್ವರಾಗಿ, ನೆರೆಮನೆಯವರ ಕಾರನ್ನು ಹಿಂದಿಕ್ಕಿ, ಗುರುತೂ ಹಿಡಿಯದೆ ದಾಟಿಹೋಗುತ್ತಾರೆ. ಹೀಗಿರಲು, ಕಾರುಳ್ಳವರು ಒಂದು ಸಂಘ ಕಟ್ಟಿಕೊಂಡು ವರುಷಕ್ಕೊಮ್ಮೆಯಾದರೂ ಸಕುಟುಂಬರಾಗಿ ಒಂದೇ ದಾರಿ ಹಿಡಿದು ಹೊರಡುವ ರೂಢಿ ಅಲ್ಲಲ್ಲಿ ಕಾಣಬರುತ್ತಿರುವುದು ಸಂತೋಷದ ಸಂಗತಿ. ಅಂತಹ ಒಂದು ದಿನವನ್ನು ಬ್ರಹ್ಮಾವರ, ಕುಂದಾಪುರ, ಬೈಂದೂರುಗಳ ಸೀಮೆಯಲ್ಲಿ ಹೇಗೆ ಗೊತ್ತುಮಾಡಬಹುದೆಂಬುದನ್ನು ಇಲ್ಲಿ ಕೊಂಚ ವಿಚಾರಿಸೋಣ.

ಮೋಟಾರಿನ ಮೊತ್ತಮೊದಲ ದೀರ್ಘ ಪ್ರಯಾಣವೇ ಒಂದು ಕುಟುಂಬದ ಪ್ರಯಾಣವಾಗಿತ್ತೆಂಬುದು ನಮ್ಮ ಗೃಹಿಣಿಯರಿಗೆ ತಿಳಿದಿರತಕ್ಕ ವಿಷಯ. 1888ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಜರ್ಮನಿಯ ಬೆರ್ತಾ ಬೆಂಜ್ ಎಂಬಾಕೆ, ಮೋಟಾರು ಗಾಡಿಯನ್ನು ನಿರ್ಮಿಸಿದ ತನ್ನ ಗಂಡ ಕಾರ್ಲ್ ಬೆಂಜನಿಗೂ ತಿಳಿಸದೆ, ತನ್ನ ಇಬ್ಬರು ಗಂಡುಮಕ್ಕಳನ್ನು ಕುಳ್ಳಿರಿಸಿಕೊಂಡು ಮಾನ್‌ಹೈಮಿನಿಂದ ನೂರು ಕಿಲೋಮೀಟರಿಗಿಂತ ಹೆಚ್ಚು ದೂರದ ಫೋರ್ಟ್ಸ್‌ಹೈಮಿನ ತವರುಮನೆಗೆ ಹೊರಟಳು. ದಾರಿಯಲ್ಲಿ ಇಂಧನ ತೀರಿದಾಗ ಔಷಧಿಯ ಅಂಗಡಿಯಲ್ಲಿ ಕೊಂಡು ತುಂಬಿಸಿದಳು; ನಳಿಗೆ ಕಟ್ಟಿದಾಗ ಟೊಪ್ಪಿಗೆಯ ಸೂಜಿಯಿಂದ ಬಿಡಿಸಿದಳು; ಬ್ರೇಕಿನ ಕಟ್ಟಿಗೆ ಸವೆದಾಗ ಚಮ್ಮಾರನಿಂದ ತೊಗಲು ಹೊಡೆಸಿದಳು. ಇನ್ನು ಕೂಡಿ ಹೋಗುವ ಪದ್ಧತಿಗೆ 1896ನೆಯ ನವೆಂಬರ್ 14ರಂದು ಲಂಡನ್ನಿನಿಂದ ಬ್ರೈಟನ್ನಿನ ಕಡಲತೀರಕ್ಕೆ ಹೊರಟ ಮೋಟಾರುಗಳ ಮೆರವಣಿಗೆಯೇ ಹೆಸರಾದ ಮೇಲ್ಪಂಕ್ತಿ. ಗಾಡಿಯ ಮುಂದೆ ಒಬ್ಬ ಮನುಷ್ಯ ನಡೆದು ದಾರಿ ತೋರಬೇಕೆಂಬ ಹಳೆಯ ಕಾನೂನು ಹೋಗಿ, ಗಂಟೆಗೆ 14 ಮೈಲಿನ ವೇಗಕ್ಕೆ ಅನುಮತಿ ದೊರೆತ ಸಂತೋಷಕ್ಕಾಗಿ ಆ ಮೆರವಣಿಗೆ ನಡೆಯಿತು. ನಮ್ಮಲ್ಲಿಯೂ ಹಳೆಯ ಮೋಟಾರುಗಳ ಮೇಲಿನ ಅಕ್ಕರೆ ಇಲ್ಲದಿಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದವರು ಜೋಪಾನಿಸಿರುವ ಕಾರುಗಳನ್ನು ನೋಡಿ ಬಂದ ಮಕ್ಕಳು ಅದನ್ನೇ ಕನಸು ಕಾಣುತ್ತಾರೆ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಒಂದು ಸುತ್ತೇ ನಡೆಯಿತು. ಆದರೆ ರ‍್ಯಾಲಿಯ ಮಾತು ಬೇರೆ, ವಿಹಾರದ ಮಾತು ಬೇರೆ. ಅಲ್ಲಿ ಮುಂದೆ ಮುಟ್ಟಿದವನಿಗೆ ಬಹುಮಾನ. ಇಲ್ಲಿ ಎಲ್ಲರೂ ಕೂಡಿ ಮುಟ್ಟದೆ ಊಟಕ್ಕೆ ಎಲೆಯೇ ಬೀಳದು.

ಈ ಸೀಮೆಯು ವಿಹಾರಕ್ಕೆಂದೇ ಹಾಸಿಟ್ಟಂತಿದೆ. ಮೊದಲು ಉಡುಪಿ ತಾಲೂಕಿಗೆ ಸೇರಿದ್ದ ಬ್ರಹ್ಮಾವರವೂ ಕುಂದಾಪುರ ತಾಲೂಕಿಗೆ ಸೇರಿದ್ದ ಬೈಂದೂರೂ 2018ರಲ್ಲಿ ಬೇರೆ ತಾಲೂಕುಗಳಾದವು. ಆದರೂ ಮೂರನ್ನೂ ಪೋಣಿಸಿದ ದಾರ ಒಂದೇ, ಪನವೇಲಿನಿಂದ ಕನ್ಯಾಕುಮಾರಿಗೆ ಹೋಗುವ 66ನೆಯ ರಾಷ್ಟ್ರೀಯ ಹೆದ್ದಾರಿ. ಬ್ರಹ್ಮಾವರದಿಂದ ಬೈಂದೂರಿಗೆ ಸುಮಾರು 55 ಕಿಲೋಮೀಟರು. ಈ ಅಂತರದೊಳಗೆ ಮಾಬುಕಳದಲ್ಲಿ ಸೀತಾನದಿ, ಕುಂದಾಪುರದ ಆಚೆಗೆ ಪಂಚಗಂಗಾವಳಿಯ ಹೊಳೆಗಳು, ಮರವಂತೆಯಲ್ಲಿ ಸೌಪರ್ಣಿಕೆ, ಉದ್ದಕ್ಕೂ ಎಡಗಡೆಯಲ್ಲಿ ಒಮ್ಮೆ ಮರೆಯಾಗಿ ಒಮ್ಮೆ ಇಣಿಕುವ ಕಡಲು. ಸೇತುವೆಗಳಾಗುವ ಮೊದಲು ಹೊಳೆಹೊಳೆಗೂ ಇಳಿದು, ದೋಣಿಯಲ್ಲಿ ದಾಟಿ, ಆಚೆ ದಡದಲ್ಲಿ ಬೇರೊಂದು ಬಸ್ಸು ಹಿಡಿಯಬೇಕಾಗಿದ್ದ ಕತೆಯನ್ನು ಮನೆಯ ಹಿರಿಯರು ಹೇಳಬಲ್ಲರು. ಹಿರಿಯರೊಬ್ಬರನ್ನು ಮುಂದಿನ ಸೀಟಿನಲ್ಲಿ ಕುಳ್ಳಿರಿಸಿಕೊಂಡು ಹೋದರೆ ಒಂದು ಗಂಟೆಯ ದಾರಿಯಲ್ಲಿ ಐವತ್ತು ವರುಷಗಳ ಚರಿತ್ರೆ ಕೇಳಸಿಗುತ್ತದೆ. ಅದಕ್ಕಾಗಿ ಕಾರಿನೊಳಗಿನ ಹಾಡನ್ನು ತುಸು ಹೊತ್ತು ನಿಲ್ಲಿಸಬೇಕಾದೀತು.

ಕಾಲ ಯಾವುದೆಂಬುದೇ ಮೊದಲ ಪ್ರಶ್ನೆ. ಜೂನಿನಿಂದ ಸೆಪ್ಟೆಂಬರಿನ ತನಕ ಮಳೆ. ಆಗ ಕಡಲನ್ನು ದೂರದಿಂದ ನೋಡತಕ್ಕದ್ದೇ ಹೊರತು ಬಳಿಗೆ ಹೋಗತಕ್ಕದ್ದಲ್ಲ. ಮಾರ್ಚಿಯ ಮೇಲೆ ಸೆಕೆ. ಆದುದರಿಂದ ನವೆಂಬರಿನ ನಡುವಿನಿಂದ ಫೆಬ್ರವರಿಯ ಕೊನೆಯವರೆಗೆ ಒಂದು ದಿನವನ್ನು ಆರಿಸಿಕೊಳ್ಳಬೇಕು. ಆದರೆ ಈ ತಿಂಗಳುಗಳೇ ಮದುವೆ, ಕಂಬಳ, ಜಾತ್ರೆಗಳಿಗೂ ಬಂದವು. ಕೋಟೇಶ್ವರದ ಕೊಡಿಹಬ್ಬದ ದಿನ ಹತ್ತು ಕಾರುಗಳನ್ನು ಆ ದಾರಿಯಲ್ಲಿ ಒಟ್ಟಾಗಿ ಕೊಂಡೊಯ್ಯುತ್ತೇವೆಂಬವರು ಜಾತ್ರೆಯಲ್ಲಿಯೇ ವನಭೋಜನ ಮಾಡಬೇಕಾದೀತು! ಪಂಚಾಂಗವನ್ನು ನೋಡಿ, ಮುಹೂರ್ತ ವಿರಳವಾದ ಭಾನುವಾರವನ್ನು ಗೊತ್ತುಮಾಡುವುದು ಜಾಣತನ. ಅಮಾವಾಸ್ಯೆ ಹುಣ್ಣಿಮೆಗಳ ಹತ್ತಿರ ಕಡಲಿನ ಉಬ್ಬರ ಹೆಚ್ಚು. ಇದನ್ನೂ ಪಂಚಾಂಗವೇ ಹೇಳುತ್ತದೆ.

ದಿನ ನಿಶ್ಚಯವಾದ ಮೇಲೆ ಸಂಘದ ಇಬ್ಬರು ಒಂದು ವಾರ ಮುಂಚಿತವಾಗಿ, ಅದೇ ಹೊತ್ತಿನಲ್ಲಿ, ಅದೇ ದಾರಿಯನ್ನು ಒಮ್ಮೆ ಓಡಿಸಿ ನೋಡಿ ಬರಬೇಕು. ಅವರು ನೋಡಿಕೊಂಡು ಬರಬೇಕಾದುದು ಮುಖ್ಯವಾಗಿ ಎರಡು: ಕಾರು ನಿಲ್ಲಿಸುವ ಜಾಗ, ಮತ್ತು ಹೆಂಗಸರು ಮಕ್ಕಳು ನಿಸ್ಸಂಕೋಚವಾಗಿ ಉಪಯೋಗಿಸತಕ್ಕ ಶೌಚಾಲಯ. ಎರಡನೆಯ ವಿಷಯವನ್ನು ಗಂಡಸರು ಸಾಮಾನ್ಯವಾಗಿ ಪಟ್ಟಿಗೇ ಸೇರಿಸುವುದಿಲ್ಲ. ಅನೇಕ ಗೃಹಿಣಿಯರು ಪ್ರವಾಸದ ದಿನ ಬೆಳಗಿನಿಂದ ನೀರು ಕುಡಿಯದೆ ಇದ್ದು, ಸಂಜೆಗೆ ತಲೆನೋವು ಹಿಡಿಸಿಕೊಂಡು ಮನೆಗೆ ಮರಳುವುದಕ್ಕೆ ಇದೇ ಕಾರಣವೆಂದು ನಾವು ಬಲ್ಲೆವು. ಆದುದರಿಂದ ನೋಡಿ ಬರುವ ಇಬ್ಬರಲ್ಲಿ ಒಬ್ಬರು ಹೆಂಗಸಾಗಿರಲಿ.

ಇನ್ನು ಕಾರುಗಳ ಸಾಲಿನ ವಿಚಾರ. ಹತ್ತು ಕಾರುಗಳು ಒಂದರ ಬಾಲ ಒಂದು ಹಿಡಿದು ಹೋಗುವುದು ನೋಡುವುದಕ್ಕೆ ಚೆಂದ. ಆದರೆ ಹೆದ್ದಾರಿಯಲ್ಲಿ ಅದಕ್ಕಿಂತ ಅಪಾಯದ ಕೆಲಸ ಬೇರಿಲ್ಲ. ಗಂಟೆಗೆ 60 ಕಿಲೋಮೀಟರಿನಲ್ಲಿ ಓಡುವ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರು ಮುಂದೆ ಹೋಗುತ್ತದೆ. ಮುಂದಿನವನು ಬ್ರೇಕು ಹಾಕಿದುದು ಕಣ್ಣಿಗೆ ಬಿದ್ದು, ಮನಸ್ಸಿಗೆ ತಿಳಿದು, ಕಾಲು ಅಲುಗುವುದರೊಳಗೆ ಒಂದು ಸೆಕೆಂಡು ಕಳೆದಿರುತ್ತದೆ. ಆಮೇಲೆ ಕಾರು ನಿಲ್ಲಬೇಕು. ಹೀಗಾಗಿ ಮೂರು ಸೆಕೆಂಡಿನ, ಎಂದರೆ 50 ಮೀಟರಿನ ಅಂತರವಾದರೂ ಬೇಕು. ಅಷ್ಟು ಬಿಟ್ಟರೆ ಹತ್ತು ಕಾರುಗಳ ಸಾಲು ಅರ್ಧ ಕಿಲೋಮೀಟರು ಉದ್ದವಾಗುತ್ತದೆ. ನಡುವೆ ಲಾರಿ ಬಸ್ಸು ನುಗ್ಗದೆ ಬಿಟ್ಟಾವೆಯೆ? ನುಗ್ಗಿದೊಡನೆ ಹಿಂದಿನವನಿಗೆ ಆತುರ ಹುಟ್ಟುತ್ತದೆ. ತನ್ನವರು ಎಲ್ಲಿ ತಪ್ಪಿ ಹೋಗುತ್ತಾರೋ ಎಂದು ಓಡಿಸುತ್ತಾನೆ. ಕೂಡಿ ಹೋದವರ ಅಪಘಾತಗಳಲ್ಲಿ ಈ ಆತುರವೇ ಬೀಜ.

ಇದಕ್ಕೆ ಉಪಾಯವಿದೆ. ಹತ್ತನ್ನು ಮೂರು ತಂಡ ಮಾಡಿ, ಒಂದೊಂದು ತಂಡವನ್ನೂ ಐದು ಐದು ನಿಮಿಷ ಬಿಟ್ಟು ಹೊರಡಿಸಬೇಕು. ಪ್ರತಿ ತಂಡಕ್ಕೂ ದಾರಿ ಬಲ್ಲವನೊಬ್ಬ ಮುಂದೆ, ನಿಧಾನಸ್ಥನೊಬ್ಬ ಹಿಂದೆ. ಎಲ್ಲಕ್ಕಿಂತ ಕೊನೆಯ ಕಾರಿನಲ್ಲಿ ಪ್ರಥಮಚಿಕಿತ್ಸೆಯ ಪೆಟ್ಟಿಗೆ, ಟಯರಿಗೆ ಗಾಳಿ ಹಾಕುವ ಯಂತ್ರ, ಎಳೆಯುವ ಹಗ್ಗ. ಮುಂದಿನ ನಿಲ್ದಾಣ ಯಾವುದೆಂದು ಪ್ರತಿ ಕಾರಿನಲ್ಲಿಯೂ ಕಾಗದದಲ್ಲಿ ಬರೆದಿರಬೇಕು. ಬರೆದಿದ್ದರೆ ತಪ್ಪಿಹೋಗುವ ಭಯವಿಲ್ಲ, ಭಯವಿಲ್ಲದವನಿಗೆ ಆತುರವಿಲ್ಲ. ಮೊಬೈಲಿನಲ್ಲಿ ಸಂದೇಶ ಕಳಿಸುವುದೇನಿದ್ದರೂ ಪಕ್ಕದಲ್ಲಿ ಕುಳಿತವರ ಕೆಲಸ. ಸಾಸ್ತಾನದ ಟೋಲಿನಲ್ಲಿ ಸಾಲು ಒಡೆಯುವುದು ಖಂಡಿತ. ಅಲ್ಲಿ ದಾಟಿದ ಕೂಡಲೇ ಬದಿಯಲ್ಲಿ ನಿಂತು ಕಾಯುವ ಅಭ್ಯಾಸವನ್ನು ಬಿಡಬೇಕು. ಹೆದ್ದಾರಿ ಅಗಲವಾದ ಮೇಲೆ ತಪ್ಪು ದಿಕ್ಕಿನಿಂದ ಬರುವ ಬೈಕುಗಳೂ, ನಡುವಿನ ತೆರಪಿನಲ್ಲಿ ತಟಕ್ಕನೆ ತಿರುಗುವ ಗಾಡಿಗಳೂ, ಹಗಲುರಾತ್ರಿಯೆನ್ನದೆ ಮಲಗುವ ದನಗಳೂ ನಮ್ಮ ಕರಾವಳಿಯವರಿಗೆ ಹೊಸತಲ್ಲ. ಹಿಂದಿನ ಸೀಟಿನವರೂ ಬೆಲ್ಟು ಕಟ್ಟಿಕೊಳ್ಳಲೇಬೇಕು. ಹದಿನಾಲ್ಕು ವರುಷದೊಳಗಿನ ಮಕ್ಕಳನ್ನು ಬೆಲ್ಟಿನಿಂದಲೋ ತಕ್ಕ ಆಸನದಿಂದಲೋ ಭದ್ರಪಡಿಸಬೇಕೆಂದು 2019ರ ತಿದ್ದುಪಡಿಯು ಕಾನೂನಿನಲ್ಲಿಯೇ ಹೇಳಿದೆ. ಮಗುವನ್ನು ತೊಡೆಯ ಮೇಲೆ ಕುಳ್ಳಿರಿಸಿ ಸ್ಟಿಯರಿಂಗು ಹಿಡಿಸುವ ಅಪ್ಪಂದಿರ ಮುದ್ದು ಮುದ್ದೇ ಅಲ್ಲ. ಹಾರನ್ನಿನ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ: ದೂರದವರನ್ನು ಕರೆಯಲು ‘ಹ್ವಾಯ್’ ಎಂಬ ಸವಿಯಾದ ಕೂಗು ಕುಂದಾಪುರದವರ ಬಾಯಲ್ಲಿರುವಾಗ ಹತ್ತು ಕಾರುಗಳ ಹಾರನ್ನು ಊರೊಳಗೆ ಏಕೆ?

ಬೆಳಿಗ್ಗೆ ಆರೂವರೆಗೆ ಬ್ರಹ್ಮಾವರದಿಂದ ಹೊರಟರೆ ಬಿಸಿಲೇರುವ ಮೊದಲು ಬಹಳ ನೋಡಬಹುದು. ಚರಿತ್ರೆಯಲ್ಲಿ ಆಸಕ್ತಿಯುಳ್ಳವರು ಬಾರ್ಕೂರಿಗೆ ಹೋಗಲೆಳಸುತ್ತಾರೆ. ಆಳುಪರ ರಾಜಧಾನಿಯಾಗಿದ್ದ, ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ಮುಖ್ಯಸ್ಥಳವಾಗಿದ್ದ ಆ ಊರಿನ ಕತ್ತಲೆ ಬಸದಿಯನ್ನು ಮಕ್ಕಳಿಗೆ ತೋರಿಸಬೇಕಾದುದು ನಿಜ; ಆದರೆ ಹತ್ತು ಕಾರುಗಳನ್ನು ಅಲ್ಲಿಯ ಇಕ್ಕಟ್ಟಾದ ದಾರಿಗಳಲ್ಲಿ ಸಿಕ್ಕಿಸುವುದು ಊರವರಿಗೆ ಉಪದ್ರವ. ಬೇಕಾದವರು ಎರಡು ಕಾರುಗಳಲ್ಲಿ ಬೇರೆ ದಿನ ಹೋಗಲಿ. ಈ ದಿನಕ್ಕೆ ಕೋಟತಟ್ಟಿನಲ್ಲಿರುವ ಶಿವರಾಮ ಕಾರಂತರ ಹೆಸರಿನ ಥೀಮ್ ಪಾರ್ಕು ತಕ್ಕ ಮೊದಲ ನಿಲ್ದಾಣ. 1902ರಲ್ಲಿ ಕೋಟದಲ್ಲಿ ಹುಟ್ಟಿದ ಕಾರಂತರು ಪುತ್ತೂರಿನಲ್ಲಿ ಮಕ್ಕಳಿಗಾಗಿ ಬಾಲವನವನ್ನು ಕಟ್ಟಿದವರು. ಅವರ ಹೆಸರಿನ ಜಾಗದಲ್ಲಿ ಮಕ್ಕಳು ಓಡಾಡಿ ತಿಂಡಿ ತಿನ್ನುವುದು ಉಚಿತವೇ ಸರಿ. ತಿಂಡಿಗೆ ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬಿನಷ್ಟು ಅನುಕೂಲವಾದ ವಸ್ತು ಇನ್ನೊಂದಿಲ್ಲ. ಕೊಟ್ಟೆಯೇ ಡಬ್ಬಿ, ಕೊಟ್ಟೆಯೇ ತಟ್ಟೆ. ನೀರುದೋಸೆಯನ್ನು ಮಾತ್ರ ಯಾರೂ ಕಟ್ಟಿಕೊಂಡು ಹೋಗಬಾರದು. ಅದು ಕಾವಲಿಯಿಂದ ಎಲೆಗೆ ಇಳಿದರೇ ಚೆಂದ, ಡಬ್ಬಿಯಲ್ಲಿ ಮುದ್ದೆಯಾಗುತ್ತದೆ.

ಕುಂದಾಪುರದಲ್ಲಿ ಅಲ್ಲಿಯವರ ಕಾರುಗಳು ಸೇರಿಕೊಳ್ಳುತ್ತವೆ. ಅಲ್ಲಿಂದ ತ್ರಾಸಿ ದಾಟಿ ಮರವಂತೆ. ಒಂದು ಕಡೆ ಕಡಲು, ಒಂದು ಕಡೆ ಸೌಪರ್ಣಿಕೆ, ನಡುವೆ ರಸ್ತೆ. ಎಷ್ಟು ಸಲ ನೋಡಿದರೂ ಮನಸ್ಸು ತಣಿಯದ ಸ್ಥಳ. ಸಂಘದವರು ನೆನಪಿಡಬೇಕಾದ ಒಂದು ಮಾತು ಇಲ್ಲಿದೆ. ನಮ್ಮಲ್ಲಿ ವಾಹನಗಳು ಎಡಕ್ಕೆ ಓಡುತ್ತವೆಯಷ್ಟೆ? ಉತ್ತರಕ್ಕೆ, ಎಂದರೆ ಬೈಂದೂರಿನ ಕಡೆಗೆ ಹೋಗುವಾಗ ಕಡಲು ಎಡಕ್ಕಿರುತ್ತದೆ. ರಸ್ತೆ ದಾಟದೆಯೇ ಮಕ್ಕಳನ್ನು ಇಳಿಸಬಹುದು. ಸಂಜೆ ಮರಳುವಾಗ ಹೊಳೆ ಎಡಕ್ಕೂ ಕಡಲು ಬಲಕ್ಕೂ ಬರುತ್ತದೆ. ಆಗ ಕಡಲು ನೋಡಬೇಕಾದರೆ ವೇಗವಾಗಿ ಓಡುವ ಲಾರಿಗಳ ನಡುವೆ ಇಡೀ ಹೆದ್ದಾರಿಯನ್ನು ದಾಟಬೇಕು. ಆದುದರಿಂದ ಮರವಂತೆಯಲ್ಲಿ ನಿಲ್ಲುವುದಾದರೆ ಹೋಗುವಾಗಲೇ ನಿಲ್ಲಬೇಕು, ಬರುವಾಗ ಎಷ್ಟು ಹಟಮಾಡಿದರೂ ನಿಲ್ಲಬಾರದು.

ನಿಂತವರು ನೀರಿಗೆ ಇಳಿಯಬಾರದೆಂದೇ ನಮ್ಮ ಅಭಿಪ್ರಾಯ. ಕೊರೆತವನ್ನು ತಡೆಯುವುದಕ್ಕಾಗಿ ಅಲ್ಲಿ ಹಾಕಿದ ಕಲ್ಲುಬಂಡೆಗಳು ಪಾಚಿ ಹಿಡಿದು ಜಾರುತ್ತವೆ; ಬಂಡೆಗಳ ಮೇಲೆ ನಿಂತು ಪಟ ತೆಗೆಸಿಕೊಳ್ಳುವ ಚಪಲವು ಮನೆಯ ಬೆಳಕನ್ನೇ ಆರಿಸಬಲ್ಲದು. ಇನ್ನು ಮರಳಿನ ತೀರದಲ್ಲಿ ಆಡುವವರು ಕಡಲಿನ ಒಂದು ಗುಟ್ಟನ್ನು ತಿಳಿದಿರಬೇಕು. ಅಲೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲಿಂದಲಾದರೂ ಹಿಂದಿರುಗಬೇಕಲ್ಲವೆ? ಅದು ಕೆಲವು ಕಡೆ ಇಕ್ಕಟ್ಟಾದ ಓಣಿ ಮಾಡಿಕೊಂಡು ರಭಸದಿಂದ ಒಳಗೆ ಎಳೆಯುತ್ತದೆ. ಅಲೆಗಳು ಒಡೆಯದೆ ಶಾಂತವಾಗಿ ಕಾಣುವ ಜಾಗವೇ ಅನೇಕ ವೇಳೆ ಆ ಓಣಿಯಾಗಿರುತ್ತದೆ. ಅರಿಯದವರು ಅದನ್ನೇ ಸುರಕ್ಷಿತವೆಂದು ಇಳಿಯುತ್ತಾರೆ. ಸಿಕ್ಕಿಬಿದ್ದವರು ದಡದ ಕಡೆಗೆ ಎದುರೀಸಿ ದಣಿಯದೆ, ದಡಕ್ಕೆ ಸಮಾನವಾಗಿ ಪಕ್ಕಕ್ಕೆ ಈಸಿದರೆ ಓಣಿ ತಪ್ಪುತ್ತದೆ; ಈಸು ಬಾರದವರಿಗೆ ಉಪಾಯವಿಲ್ಲ. ಎಲ್ಲಿ ಇಳಿಯಬಹುದೆಂಬುದನ್ನು ಅಲ್ಲಿಯ ಮೀನುಗಾರರನ್ನು ಕೇಳಿದರೆ ಹೇಳುತ್ತಾರೆ. ಅವರು ಬೇಡವೆಂದರೆ ಮರುಮಾತಾಡಬಾರದು. ಅವರ ದೋಣಿಗಳ ಮೇಲೆ ಹತ್ತುವುದು, ಒಣಗಿಸಿದ ಬಲೆಗಳನ್ನು ತುಳಿಯುವುದು, ದೋಣಿ ಎಳೆಯುವ ದಾರಿಗೆ ಕಾರು ಅಡ್ಡ ನಿಲ್ಲಿಸುವುದು ಸಲ್ಲದು.

ಊಟಕ್ಕೆ ಬೈಂದೂರಿನ ಸೀಮೆ. ಕಡಲತೀರದಲ್ಲಿ ಊಟವಿಡಬಾರದು, ಗಾಳಿಗೆ ಮರಳು ಹಾರಿ ಅನ್ನಕ್ಕೆ ಬೀಳುತ್ತದೆ, ಮಧ್ಯಾಹ್ನದ ಬಿಸಿಲು ಸುಡುತ್ತದೆ. ಪರಿಚಯದವರ ತೆಂಗಿನ ಇಲ್ಲವೆ ಗೇರಿನ ತೋಟವನ್ನು ಮೊದಲೇ ಕೇಳಿಕೊಂಡು, ಬಾವಿಯ ನೀರಿಗೂ ಅಪ್ಪಣೆ ಪಡೆದು, ಅಲ್ಲಿ ಪಂಕ್ತಿ ಹಾಕಬೇಕು. ಈ ಸೀಮೆಯ ಹೆಸರು ಹೊತ್ತ ಕೋಳಿಸಾರನ್ನು ಬಲ್ಲದವರಿಲ್ಲ. ರೊಟ್ಟಿ ಗರಿಗರಿಯಾಗಿದ್ದು ಪ್ರಯಾಣಕ್ಕೆ ಹೇಳಿಮಾಡಿಸಿದಂತಿದೆ. ಆದರೆ ಸಾರಿಗೆ ತೆಂಗಿನಹಾಲು ಬೀಳುವುದರಿಂದ ಬೆಳಿಗ್ಗೆ ಮಾಡಿ ಮುಚ್ಚಿದ ಕಾರಿನಲ್ಲಿ ಮಧ್ಯಾಹ್ನದವರೆಗೆ ಇಟ್ಟರೆ ಹಳಸುವುದು ನಿಶ್ಚಯ. ಶಾಕಾಹಾರಿಗಳ ಅಡುಗೆಗೂ ಇದೇ ನ್ಯಾಯ. ಕಾಯಿ ಅರೆದು ಹಾಕಿದ ಹುಳಿ ಬೇಸಗೆಯ ಸೆಕೆಯನ್ನು ತಾಳದು. ಕುಡಿಯಲು ಬೊಂಡ, ಪುನರ್ಪುಳಿಯ ಪಾನಕ, ನೀರುಮಜ್ಜಿಗೆ. ಬಡಿಸಲು ಬಾಳೆ ಎಲೆ ಇಲ್ಲವೆ ಅಡಿಕೆಯ ಹಾಳೆಯ ತಟ್ಟೆ. ಹಾಳೆ ಗೊಬ್ಬರಕ್ಕೆ, ಎಲೆ ದನಕ್ಕೆ; ಪ್ಲಾಸ್ಟಿಕ್ಕಿಗೆ ಪಂಕ್ತಿಯಲ್ಲಿ ಕೆಲಸವಿಲ್ಲ.

ಈಗ ನಾವು ಹೇಳಬೇಕೆಂದಿದ್ದ ಮುಖ್ಯ ವಿಷಯಕ್ಕೆ ಬರುತ್ತೇವೆ. ವಿಹಾರವೆಂದರೆ ಯಾರಿಗೆ ವಿಹಾರ? ಗಂಡಸರು ಕಾರು ತೊಳೆದು, ಗಾಳಿ ಹಾಕಿಸಿ, ಪತಾಕೆ ಕಟ್ಟಿ ಸಿದ್ಧರಾದರೆಂದರೆ ಅವರ ಕೆಲಸ ಮುಗಿಯಿತು. ಮನೆಯಾಕೆ ಹಿಂದಿನ ರಾತ್ರಿ ಹನ್ನೊಂದಕ್ಕೆ ಮಲಗಿ ಬೆಳಗಿನ ಮೂರಕ್ಕೆ ಎದ್ದು, ಇಪ್ಪತ್ತು ಮಂದಿಯ ಅಡುಗೆ ಕಟ್ಟಿ, ಮಕ್ಕಳಿಗೆ ಬಟ್ಟೆ ತೊಡಿಸಿ, ಕಾರಿನಲ್ಲಿ ತೂಕಡಿಸಿ, ತೋಟದಲ್ಲಿ ಬಡಿಸಿ, ಪಾತ್ರೆ ತೊಳೆದು, ಮರಳಿ ಮನೆಗೆ ಬಂದು ಮಸಿ ಹಿಡಿದ ತಪ್ಪಲೆಗಳ ಮುಂದೆ ಕೂಡುತ್ತಾಳೆ. ಅಂಥವಳಿಗೆ ಆ ದಿನ ಮನೆಯಲ್ಲಿಯೇ ಬಿಟ್ಟಿದ್ದರೆ ಹೆಚ್ಚಿನ ಉಪಕಾರವಾಗುತ್ತಿತ್ತು. ಆದುದರಿಂದ ಊಟದ ಹೊಣೆಯನ್ನು ಆ ಊರಿನ ಅಡುಗೆಯವರಿಗೋ, ಸ್ವಸಹಾಯ ಸಂಘದ ಹೆಂಗಸರಿಗೋ ಹಣಕೊಟ್ಟು ಒಪ್ಪಿಸಬೇಕು. ಬಿಸಿಯಾದ ಅಡುಗೆ ಅಲ್ಲಿಯೇ ಆಗುತ್ತದೆ, ಊರಿಗೂ ನಾಲ್ಕು ಕಾಸು ಸಲ್ಲುತ್ತದೆ. ಮನೆಯಿಂದ ಒಂದೊಂದು ತಿಂಡಿ, ಅಷ್ಟೆ. ಬಡಿಸುವ ಕೆಲಸ ಗಂಡಸರದ್ದು. ದೇವಸ್ಥಾನದ ಸಮಾರಾಧನೆಯಲ್ಲಿ ಸೊಂಟಕ್ಕೆ ಶಾಲು ಬಿಗಿದು ಬಡಿಸುವವರಿಗೆ ತೋಟದಲ್ಲಿ ನಾಚಿಕೆಯೇನು?

ಇನ್ನೊಂದು ಸಂಗತಿ. ಎಷ್ಟೋ ಮನೆಗಳಲ್ಲಿ ಹೆಂಡತಿಗೂ ಲೈಸೆನ್ಸು ಉಂಟು. ಮಕ್ಕಳನ್ನು ಶಾಲೆಗೆ ಬಿಡುವುದು, ಪೇಟೆಗೆ ಹೋಗುವುದು ಅವಳೇ. ಸಂಘದ ವಿಹಾರದ ದಿನ ಮಾತ್ರ ಸ್ಟಿಯರಿಂಗು ಗಂಡನ ಕೈಗೆ ಹೋಗುತ್ತದೆ. ಕುಂದಾಪುರದಿಂದ ಬೈಂದೂರಿನವರೆಗಿನ ದಾರಿಯನ್ನು ಎಲ್ಲ ಕಾರುಗಳಲ್ಲಿಯೂ ಹೆಂಗಸರೇ ಓಡಿಸತಕ್ಕದ್ದೆಂದು ಸಂಘವು ನಿಯಮ ಮಾಡಿದರೆ ಹೇಗಿದ್ದೀತು? ಸಂಜೆಯ ಪ್ರಯಾಣಕ್ಕೆ ಗಂಡಸರು ದಣಿಯದೆ ಉಳಿಯುತ್ತಾರೆಂಬ ಲಾಭವೂ ಅದರಲ್ಲಿದೆ.

ಊಟವಾದ ಮೇಲೆ ಸಂಜೆ ಓಡಿಸತಕ್ಕವರು ಮರದ ಬುಡದಲ್ಲಿ ಚಾಪೆ ಹಾಕಿ ಒಂದು ಗಂಟೆ ಮಲಗಲಿ. ಯಾರೂ ಅವರನ್ನು ಆಟಕ್ಕೆಳೆಯಬಾರದು. ಮದ್ಯದ ಮಾತು ಈ ದಿನ ಬರಲೇಕೂಡದು, ಓಡಿಸದವರಿಗೂ ಕೂಡದು. ಉಳಿದವರಿಗೆ ಆಟಪಾಟಗಳಿವೆ. ಧ್ವನಿವರ್ಧಕ ತಂದು ಊರನ್ನೆಲ್ಲ ಎಬ್ಬಿಸುವುದಕ್ಕಿಂತ, ಯಕ್ಷಗಾನದ ಮನೆಮನೆಯ ಸೀಮೆಯಾದ ಇಲ್ಲಿ ಅರ್ಥ ಹೇಳಬಲ್ಲವರು ನಾಲ್ವರು ಸಿಕ್ಕದಿರರು; ಮದ್ದಳೆಯೊಂದಿದ್ದರೆ ಮರದಡಿಯಲ್ಲಿಯೇ ತಾಳಮದ್ದಳೆ. ಮಕ್ಕಳಿಗೆ ಲಗೋರಿ, ಕುಂಟೆಬಿಲ್ಲೆ. ಕುಂದಾಪುರದ ಕನ್ನಡದ ಹಳೆಯ ಮಾತುಗಳನ್ನು ಅಜ್ಜಿಯರು ಹೇಳಿ ಮಕ್ಕಳು ಅರ್ಥ ಹೇಳುವ ಸ್ಪರ್ಧೆಯನ್ನೂ ಇಡಬಹುದು. ಕುಂದಾಪುರದಲ್ಲಿ ಹುಟ್ಟಿದ ವೈದೇಹಿಯವರ ಕತೆಯೊಂದನ್ನು ಯಾರಾದರೂ ಗಟ್ಟಿಯಾಗಿ ಓದಿದರೂ ಸೊಗಸು. ಬೈಂದೂರಿನ ಬಳಿಯ ಮೊಗೇರಿಯು ಗೋಪಾಲಕೃಷ್ಣ ಅಡಿಗರ ಹುಟ್ಟೂರೆಂಬುದನ್ನು ಕಾಲೇಜಿನ ಹುಡುಗರಿಗೆ ನೆನಪಿಸುವುದಕ್ಕೂ ಇದೇ ಸಮಯ.

ನಾಲ್ಕೂವರೆಗೆ ಚಹಾ, ಐದಕ್ಕೆ ಒತ್ತಿನೆಣೆ. ಬೈಂದೂರಿನ ಆಚೆಗಿನ ಈ ಗುಡ್ಡದಿಂದ ಸೋಮೇಶ್ವರದ ಕಡಲತೀರವೂ, ಹೊಳೆ ಕಡಲನ್ನು ಸೇರುವ ಜಾಗವೂ ಒಂದೇ ನೋಟಕ್ಕೆ ಸಿಕ್ಕುತ್ತವೆ. ಡಿಸೆಂಬರಿನಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಇಲ್ಲಿ ಸಂಘದವರು ಒಂದು ನಿರ್ಧಾರ ಮಾಡಬೇಕಾಗುತ್ತದೆ. ಸೂರ್ಯಾಸ್ತ ನೋಡಿದರೆ 55 ಕಿಲೋಮೀಟರು ಕತ್ತಲೆಯಲ್ಲಿ ಹೋಗಬೇಕು. ಎದುರಿನ ದೀಪಗಳು ಕಣ್ಣಿಗೆ ಕುಕ್ಕುತ್ತವೆ, ದಿನವೆಲ್ಲ ದಣಿದ ದೇಹ ತೂಕಡಿಸುತ್ತದೆ. ಎಳೆಮಕ್ಕಳೂ ವೃದ್ಧರೂ ಇರುವ ಕಾರುಗಳು ಐದೂವರೆಗೇ ಹೊರಟುಬಿಡಲಿ. ಕಡಲಿನ ಸೂರ್ಯಾಸ್ತವು ಕರಾವಳಿಯವರಿಗೆ ದಿನಾ ಸಿಕ್ಕತಕ್ಕದ್ದೇ. ಕಣ್ಣು ಚುರುಕಾಗಿರುವವರು ಉಳಿದು ನೋಡಿ, ಗುಡ್ಡದ ಮೇಲೆ ನಮ್ಮವರು ಬಿಟ್ಟ ಕಾಗದ ಬಾಟಲಿಗಳೇನಾದರೂ ಇದ್ದರೆ ಹೆಕ್ಕಿ, ಕೊನೆಯ ಕಾರಿನಲ್ಲಿ ಹಾಕಿಕೊಂಡು ಹೊರಡಲಿ.

ದಾರಿಯಲ್ಲಿ ಅಪಘಾತವಾದುದನ್ನು ಕಂಡರೆ ಮೊದಲು 108ಕ್ಕೆ ಇಲ್ಲವೆ 112ಕ್ಕೆ ಕರೆಮಾಡುವುದು. ಸಹಾಯಕ್ಕೆ ನಿಂತವನನ್ನು ಮೊಕದ್ದಮೆಯಲ್ಲಿ ಸಿಕ್ಕಿಸಕೂಡದೆಂಬ ರಕ್ಷಣೆಯೂ 2019ರ ತಿದ್ದುಪಡಿಯಲ್ಲಿ ಸೇರಿದೆ. ಮನೆಮುಟ್ಟಿದವರು ತಂಡದ ಹಿಂದಿನವನಿಗೆ ಒಂದು ಮಾತು ತಿಳಿಸಬೇಕು; ಹತ್ತೂ ಮನೆಗಳಿಂದ ಸುದ್ದಿ ಬರುವವರೆಗೆ ಕೊನೆಯ ಕಾರಿನವನಿಗೆ ನಿದ್ದೆಯಿಲ್ಲ. ಖರ್ಚಿನ ಲೆಕ್ಕವನ್ನು ಒಂದು ವಾರದೊಳಗೆ ಎಲ್ಲರಿಗೂ ಕಳುಹಿಸಿಬಿಡಬೇಕು. ಪೆಟ್ರೋಲು ಅವರವರದು, ಊಟವು ತಲೆಗೆ ಇಷ್ಟೆಂದು, ಐದು ವರುಷದೊಳಗಿನವರಿಗೆ ಇಲ್ಲ. ಕಾರಿಲ್ಲದ ನೆಂಟರಿಷ್ಟರನ್ನು, ಒಂಟಿಯಾಗಿರುವ ಹಿರಿಯರನ್ನು ಖಾಲಿ ಸೀಟುಗಳಲ್ಲಿ ಕರೆತಂದವರಿಗೆ ಆ ಪಾಲನ್ನು ಸಂಘವೇ ಭರಿಸಿದರೆ ಮುಂದಿನ ಸಲ ಒಂದು ಸೀಟೂ ಖಾಲಿ ಹೋಗಲಾರದು.